ಗ್ಯಾಸ್ ತುಂಬಿಸುವ ಮೊದಲು ಸೋರುವ ಜಾಗ ಹುಡುಕಿ

ಕೆ.ಜಿ.ಎಫ್.ನಲ್ಲಿ ಮದ್ರಸ ಪಾಠ ಹೇಳುವ ನಾವು ಮೂವರು ಸೇರಿ ಒಂದು ಹಳೇ ಕಾರು ಇಟ್ಟುಕೊಂಡಿದ್ದೇವೆ. ಮೂವರೂ ಕರಾವಳಿಯವರು, ಸೆಕೆ ಹೊಸತಲ್ಲ. ನಮ್ಮ ಮಟ್ಟಿಗೆ ಎ.ಸಿ. ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ನಮ್ಮಲ್ಲಿ ಒಬ್ಬರ ಉಮ್ಮನಿಗೆ ವಾರಕ್ಕೆ ಎರಡು ಸಲ ಕೋಲಾರದಲ್ಲಿ ಡಯಾಲಿಸಿಸ್. ಬಂಗಾರಪೇಟೆ ದಾಟಿ ಹೋಗಬೇಕು, ಸುಮಾರು 30 ಕಿಲೋಮೀಟರ್ ದಾರಿ. ಡಯಾಲಿಸಿಸ್‌ನವರಿಗೆ ಬಾಯಾರಿಕೆ ಆದಷ್ಟೂ ನೀರು ಕುಡಿಯುವ ಹಾಗಿಲ್ಲ, ವೈದ್ಯರು ಅಳತೆ ಹೇಳಿರುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಹಿಂದಿನ ಸೀಟಿನಲ್ಲಿ ಬೆವರುತ್ತಾ, ಮಡಿಲಲ್ಲಿರುವ ಬಾಟಲಿ ನೋಡುತ್ತಾ ಕೂರುವುದು ಎಂಥ ಕಷ್ಟ ಅಂತ ಅವರ ಪಕ್ಕ ಕೂತಾಗಲೇ ನಮಗೆ ಗೊತ್ತಾದದ್ದು.

ಎ.ಸಿ. ಬಿಸಿಗಾಳಿ ಬಿಡಲು ಶುರುಮಾಡಿದಾಗ ಒಂದು ಅಂಗಡಿಗೆ ಹೋದೆವು. "ಗ್ಯಾಸ್ ಖಾಲಿ" ಅಂದರು. ಅರ್ಧ ಗಂಟೆಯಲ್ಲಿ ತುಂಬಿಸಿ 1,800 ರೂಪಾಯಿ ತಗೊಂಡರು. ತಣ್ಣಗಾಯಿತು, ಖುಷಿಯಾಯಿತು. ಮೂರು ವಾರಕ್ಕೆ ಮತ್ತೆ ಬಿಸಿ. ಮತ್ತೆ ತುಂಬಿಸಿದೆವು. ಮೂರನೇ ಸಲ ಹೋದಾಗ, "ಕಂಪ್ರೆಸರ್ ಸತ್ತಿದೆ, ಹೊಸದು ಹಾಕಬೇಕು, 22 ಸಾವಿರ" ಅಂದರು. ಮದ್ರಸ ಸಂಬಳದಲ್ಲಿ 22 ಸಾವಿರ ಎಂದರೆ ಏನೆಂದು ಓದುಗರಿಗೆ ವಿವರಿಸಬೇಕಾಗಿಲ್ಲ.

ಬಂಗಾರಪೇಟೆಯಲ್ಲಿ ವಯಸ್ಸಾದ ಒಬ್ಬರು ತಮಿಳು ಮೆಕ್ಯಾನಿಕ್ ಇದ್ದಾರೆ ಅಂತ ಯಾರೋ ಹೇಳಿದರು. ಊರಲ್ಲಿ ನಮ್ಮನ್ನು ಉಸ್ತಾದ್ ಅಂತಾರೆ, ಅವರಿಗೆ ನಾವು 'ಬಾಯ್'. ಬಾನೆಟ್ ಎತ್ತುವ ಮೊದಲೇ ಕೇಳಿದರು: "ಗ್ಯಾಸ್ ಏನು ಪೆಟ್ರೋಲಾ ಬಾಯ್, ಓಡಿಸಿದಷ್ಟೂ ಖರ್ಚಾಗೋಕೆ?"

ವಿಷಯ ಇರುವುದು ಅಲ್ಲೇ. ಎ.ಸಿ.ಯ ಗ್ಯಾಸ್ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಮುಂದಿನ ಗ್ರಿಲ್ ಹಿಂದಿರುವ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಆಮೇಲೆ ಸಣ್ಣ ಕಂಡಿಯಿಂದ ಹಾದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗಿ ಕಾರಿನೊಳಗಿನ ಬಿಸಿಯನ್ನು ಹೀರುತ್ತದೆ. ಮೂರು ವಾರದಲ್ಲಿ ಖಾಲಿಯಾಯಿತು ಎಂದರೆ ಎಲ್ಲೋ ಸೋರುತ್ತಿದೆ. ಗ್ಯಾಸ್ ತೀರಾ ಕಡಿಮೆಯಾದರೆ ಪ್ರೆಶರ್ ಸ್ವಿಚ್ಚು ಕಂಪ್ರೆಸರ್ ಓಡಲು ಬಿಡುವುದಿಲ್ಲ. ಕ್ಲಚ್ಚಿನ 'ಟಕ್' ಸದ್ದೇ ಬರುವುದಿಲ್ಲ. ನಮ್ಮ ಕಂಪ್ರೆಸರ್ 'ಸತ್ತದ್ದು' ಹೀಗೆ! ಕಾರಿನಡಿ ತೊಟ್ಟಿಕ್ಕುವ ನೀರನ್ನು ಮಾತ್ರ ಸೋರಿಕೆ ಅಂದುಕೊಳ್ಳಬೇಡಿ. ಅದು ಗಾಳಿಯ ತೇವ, ಎ.ಸಿ. ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಅವರು ಟಾರ್ಚ್ ಹಿಡಿದು ಹುಡುಕಿದ್ದು ಎಣ್ಣೆ ಕಲೆಯನ್ನು. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ ಸೋರುವಲ್ಲಿ ಅದೂ ಜಿನುಗುತ್ತದೆ, ಅದಕ್ಕೆ ಧೂಳು ಹತ್ತುತ್ತದೆ. ಕೆ.ಜಿ.ಎಫ್.ನಲ್ಲಿ ಧೂಳಿಗೇನು ಬರ? ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಎದ್ದರೆ ಒಣಹಾಕಿದ ಬಟ್ಟೆಯನ್ನೂ ಬಿಡುವುದಿಲ್ಲ. ಕಂಡೆನ್ಸರ್‌ಗೆ ಸೇರುವ ಪೈಪಿನ ಬುಡದಲ್ಲಿ ಕಪ್ಪು ಪಟ್ಟು ಕಂಡಿತು. ಸೋಪು ನೀರು ಬಿಟ್ಟು ನೈಟ್ರೋಜನ್ ಒತ್ತಿದಾಗ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದವು. ಒಂದು ರಬ್ಬರ್ ಓ-ರಿಂಗ್ ಸವೆದಿತ್ತು. ಬೆಲೆ 40 ರೂಪಾಯಿ.

ರಿಂಗ್ ಹಾಕಿ ಕೂಡಲೇ ಗ್ಯಾಸ್ ತುಂಬಿಸಲಿಲ್ಲ. ವ್ಯಾಕ್ಯೂಮ್ ಪಂಪು ಹಚ್ಚಿ ಅರ್ಧ ಗಂಟೆ ಒಳಗಿನ ಗಾಳಿ, ತೇವ ಎಲ್ಲ ಎಳೆದರು. ತೇವ ಉಳಿದರೆ ಸಣ್ಣ ಕಂಡಿಯಲ್ಲಿ ಮಂಜುಗಟ್ಟುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ. ಮಂಗಳೂರಲ್ಲಿ ಮೀಟರಿನ ಮುಳ್ಳು 29 ಇಂಚಿನ ಹತ್ತಿರ ಹೋಗುತ್ತದೆ, ಇಲ್ಲಿ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರ, 27ರ ಆಸುಪಾಸು ನಿಂತರೆ ಸರಿ ಅಂದರು. ಪಂಪು ನಿಲ್ಲಿಸಿ ಇಪ್ಪತ್ತು ನಿಮಿಷ ಕಾದೆವು. ಮುಳ್ಳು ಅಲ್ಲಾಡಲಿಲ್ಲ.

ಕಾಯುವಾಗ ಮಾತಿಗೆ ಮಾತು ಬಂತು. ಅವರ ಅಪ್ಪ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರಂತೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಕೆಳಗಿನ ಬಂಡೆಯ ಬಿಸಿ 60 ಡಿಗ್ರಿಗಿಂತ ಮೇಲೆ. ಅಲ್ಲಿ ಮನುಷ್ಯ ಬದುಕಿ ಕೆಲಸ ಮಾಡಲೆಂದು ಯಂತ್ರದಲ್ಲಿ ಗಾಳಿ ತಂಪು ಮಾಡಿ ಕೆಳಗೆ ಕಳಿಸುತ್ತಿದ್ದರು. ದೇಶದಲ್ಲಿ ಕಾರಿಗೆ ಎ.ಸಿ. ಎಂಬುದೇ ಅಪರೂಪವಾಗಿದ್ದ ಕಾಲದಲ್ಲಿ ಈ ಊರಿನ ಕಾರ್ಮಿಕರಿಗೆ ಅದರ ಬೆಲೆ ಗೊತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಗ ಕಾರಿನ ಕೆಲಸಕ್ಕೆ ಬಂದರು.

ಗ್ಯಾಸನ್ನು ತಕ್ಕಡಿಯ ಮೇಲಿಟ್ಟು ತೂಗಿಯೇ ತುಂಬಿಸಿದರು. ನಮ್ಮ ಕಾರಿನ ಬಾನೆಟ್ಟಿನಡಿ ಚೀಟಿಯಲ್ಲಿ ಆರ್-134ಎ, 400 ಗ್ರಾಂ ಅಂತ ಅಚ್ಚಾಗಿದೆ. ಅಷ್ಟು ದಿನ ನಾವು ಓದಿರಲೇ ಇಲ್ಲ. ಹೆಚ್ಚು ತುಂಬಿಸಿದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಹೊರೆ. ಸೋರಿಹೋದ ಅಂದಾಜಿನಷ್ಟು ಎಣ್ಣೆಯನ್ನೂ ಸೇರಿಸಿದರು. ಎಣ್ಣೆ ಇಲ್ಲದೆ ಬರೀ ಗ್ಯಾಸ್ ತುಂಬಿಸುತ್ತಾ ಹೋಗಿದ್ದರೆ ಕಂಪ್ರೆಸರ್ ನಿಜವಾಗಿಯೂ ಸಾಯುತ್ತಿತ್ತು. ಎಲ್ಲಾ ಸೇರಿ 2,300 ಆಯಿತು.

ನೀವು ಅಂಗಡಿಗೆ ಹೋಗುವ ಮೊದಲು ಇಷ್ಟು ನೋಡಿಕೊಳ್ಳಿ. ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ಬಿಚ್ಚಿ ನೋಡಿ. ನಮ್ಮದು ದಿಬ್ಬದ ಧೂಳಿನಿಂದ ಕಂಬಳಿಯ ಹಾಗಾಗಿತ್ತು. ಓಡುವಾಗ ತಂಪು, ನಿಂತಾಗ ಬಿಸಿ ಅಂತಾದರೆ ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯಾ ನೋಡಿ. ಗ್ಯಾಸ್ ಕಡಿಮೆ ಅಂದರೆ, ಎಲ್ಲಿ ಸೋರಿದ್ದು ತೋರಿಸಿ ಅಂತ ಕೇಳಿ, ನಾಚಿಕೆ ಬೇಡ. ಪೈಪು ನೀವೇ ಬಿಚ್ಚಲು ಮಾತ್ರ ಹೋಗಬೇಡಿ, ಒತ್ತಡದ ಗ್ಯಾಸ್ ಕಣ್ಣಿಗೆ ಹಾರಿದರೆ ಅಪಾಯ.

ಈಗ ಎಂಟು ತಿಂಗಳಾಯಿತು, ಮತ್ತೆ ತುಂಬಿಸಿಲ್ಲ. ಉಮ್ಮ ಬಂಗಾರಪೇಟೆ ದಾಟುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ.