ಅಂಕಿಯ ಆಟವೂ ಮನೆಯ ಅನ್ನವೂ

ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನೂರು ವರ್ಷಕ್ಕೂ ಮೇಲ್ಪಟ್ಟು, ಮೂರು ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ಇಳಿದು ದುಡಿದ ಜನರಿಗೆ ಜೀವದ ಭರವಸೆ ಇರಲಿಲ್ಲವಾದರೂ ಸಂಬಳದ ಭರವಸೆ ಇದ್ದಿತು. ಗಣಿ ನಿಂತ ಮೇಲೆ ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ನಸುಕಿನಲ್ಲಿಯೇ ರೈಲು ಹಿಡಿದು ಬೆಂಗಳೂರಿನಲ್ಲಿ ಕೆಲಸ ಅರಸುವುದು ಸಾವಿರಾರು ಮನೆಗಳ ದಿನಚರಿಯಾಯಿತು. ನಿಶ್ಚಿತ ವರಮಾನ ಹೋದೆಡೆ ಅನಿಶ್ಚಿತ ಲಾಭದ ಆಸೆ ಬೇಗ ಬೇರೂರುವುದೆಂಬುದನ್ನು ಈ ಸೀಮೆಯ ಮುಂದಿನ ಕಥೆ ತೋರಿಸಿಕೊಡುತ್ತದೆ.

ಕರ್ನಾಟಕ ಸರ್ಕಾರವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ದಶಕಗಳ ಕಾಲ ತಾನೇ ಚೀಟಿ ಮಾರಿ ಬೊಕ್ಕಸ ತುಂಬಿಸಿಕೊಂಡಿದ್ದ ಸರ್ಕಾರವೇ ಅದನ್ನು ಬಿಟ್ಟಿತೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಆಟ ನಿಲ್ಲಲಿಲ್ಲ. 2015ರಲ್ಲಿ ಅಕ್ರಮ ಒಂದಂಕಿ ಲಾಟರಿಯ ಜಾಲವೊಂದು ಬಯಲಿಗೆ ಬಂದು, ಕೆ.ಜಿ.ಎಫ್. ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಹಿರಿಯ ಪೊಲೀಸ್ ಅಧಿಕಾರಿಗಳು ಅಮಾನತುಗೊಂಡರು. ವಿರೋಧ ಪಕ್ಷಗಳ ಒತ್ತಾಯದ ನಡುವೆ ಸರ್ಕಾರ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಒಂದಂಕಿಯ ಮರ್ಮ ಬಹು ಸರಳ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳಲ್ಲಿ ಒಂದನ್ನು ಹಿಡಿಯಬೇಕು; ಗೆದ್ದವನಿಗೆ ಸಲ್ಲುವುದು ಮಾತ್ರ ಹಾಕಿದ್ದರ ಹತ್ತು ಪಟ್ಟಿಗಿಂತ ಕಡಿಮೆ. ಆ ಕೊರತೆಯೇ ಆಡಿಸುವವನ ಗಂಟು. ದಿನಗೂಲಿಯವನು ಸಂಜೆಯ ಅಕ್ಕಿಯ ದುಡ್ಡನ್ನು ಅದರಲ್ಲಿ ಕಳೆದುಕೊಂಡರೆ ಒಲೆ ಹೊತ್ತಿಸುವವಳ ಪಾಡೇನು?

ಮುಂದೆ ಅದೇ ಆಟ ಕಾಗದವನ್ನು ಬಿಟ್ಟು ಮೊಬೈಲ್ ಫೋನಿನೊಳಗೆ ಸೇರಿತು. ಚೀಟಿಯಾದರೆ ಅಂಗಿಯ ಜೇಬಿನಲ್ಲಾದರೂ ಮನೆಯವರ ಕೈಗೆ ಸಿಗುತ್ತಿತ್ತು, ಇದು ಸಿಗದು. 2021ರ ಅಕ್ಟೋಬರಿನಲ್ಲಿ ಕರ್ನಾಟಕವು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲದ ಆಟಗಳನ್ನೂ ಸೇರಿಸಿ, ಅಪರಾಧವೆಂದು ಸಾರಿತು. ಕುದುರೆ ಪಂದ್ಯದ ಬಾಜಿಯನ್ನು ಮಾತ್ರ ಹೊರಗಿಟ್ಟಿತು! ಸಿರಿವಂತರ ಜೂಜು ಹೇಗೆ ಜೂಜಲ್ಲವಾಯಿತೆಂದು ಭಕ್ತರು ಕೇಳಿದರೆ ತಪ್ಪೇನಿಲ್ಲ. 2022ರ ಫೆಬ್ರವರಿ 14ರಂದು ರಾಜ್ಯದ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ಅದರ ನಿಲುವು. ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಈ ಭೇದ ಹಳೆಯದು. ಜೂಜು ವ್ಯಾಪಾರವೇ ಅಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲಿ ಹೇಳಿತು. ರಮ್ಮಿ ಬಹುಮಟ್ಟಿಗೆ ಕೌಶಲದ ಆಟವೆಂದು 1968ರಲ್ಲಿ ಹೇಳಿತು. ಆ ಎರಡನೆಯ ತೀರ್ಪಿನಲ್ಲಿಯೇ, ಆಡಿಸುವ ಕ್ಲಬ್ಬು ಆಟದಿಂದ ಲಾಭ ಪಡೆಯುತ್ತಿದ್ದರೆ ಮಾತು ಬೇರೆಯಾದೀತೆಂಬ ಎಚ್ಚರಿಕೆಯೂ ಇದ್ದಿತು. ರಮ್ಮಿ ಕಂಪನಿಗಳು ಮೊದಲರ್ಧವನ್ನು ಜಾಹೀರಾತಿನಲ್ಲಿ ಮೆರೆಸಿದವು, ಉಳಿದರ್ಧವನ್ನು ಮರೆತವು. ಆಟಗಾರ ಎಷ್ಟೇ ಜಾಣನಿರಲಿ, ಪ್ರತಿ ಸುತ್ತಿನಲ್ಲಿಯೂ ಕಂಪನಿ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಆದುದರಿಂದ ಆಡುವವರೆಲ್ಲರೂ ಸೇರಿ ಹಾಕಿದ್ದಕ್ಕಿಂತ ಅವರೆಲ್ಲರೂ ಪಡೆಯುವುದು ಕಡಿಮೆಯೇ. ಶಕುನಿಯದೂ ಕೌಶಲವೇ ಆಗಿತ್ತಲ್ಲವೆ?

ಕೇಂದ್ರ ಸರ್ಕಾರವೂ ಬಹುಕಾಲ ಎರಡು ದೋಣಿಗಳಲ್ಲಿ ಕಾಲಿಟ್ಟಿತ್ತು. 2023ರ ಅಕ್ಟೋಬರಿನಿಂದ ಇಂಥ ಆಟಗಳಿಗೆ ಕಟ್ಟಿದ ಹಣದ ಮೇಲೆ ಶೇಕಡ 28ರ ಜಿ.ಎಸ್.ಟಿ. ವಿಧಿಸಿತು. ಎರಡು ವರ್ಷ ತುಂಬುವ ಮೊದಲೇ, 2025ರ ಆಗಸ್ಟಿನಲ್ಲಿ, ಹಣವೊಡ್ಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆ ಸಂಸತ್ತಿನಲ್ಲಿ ಎರಡೇ ದಿನಗಳಲ್ಲಿ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ನೀಡುವವರಿಗೆ 2 ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ 11ರ ಹೆಸರು ಕೆಲವೇ ದಿನಗಳಲ್ಲಿ ಮರೆಯಾಯಿತು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು, ಕರ್ನಾಟಕ ಹೈಕೋರ್ಟಿನಲ್ಲಿದ್ದುದನ್ನೂ ಸೇರಿಸಿ, ಸುಪ್ರೀಂ ಕೋರ್ಟು ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಉದ್ಯೋಗ ಹೋದ ಯುವಕರ ಅಳಲು ಸುಳ್ಳಲ್ಲ. ಪರದೇಶದಿಂದ ನಡೆಯುವ ಕಳ್ಳ ತಾಣಗಳತ್ತ ಜನ ತಿರುಗಿಯಾರೆಂಬ ಅಂಜಿಕೆಯನ್ನೂ ಒಂದಂಕಿಯ ಕಥೆ ಬಲ್ಲವರು ತಳ್ಳಿಹಾಕಲಾರರು. ಆದರೂ ಈ ಕಾಯಿದೆ ಇರಬೇಕೆಂದೇ ನನ್ನ ಅಭಿಮತ.

ಶರಣರು ಈ ವಿಷಯವನ್ನು ಕೌಶಲವೋ ಅದೃಷ್ಟವೋ ಎಂದು ಅಳೆಯಲಿಲ್ಲ. ಕಲ್ಯಾಣದ ಅಂಗಳದಲ್ಲಿ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಕಳಿಸಿದ ಪ್ರಸಂಗ ಎಲ್ಲರೂ ಬಲ್ಲದ್ದು. ಅದು ಕದ್ದ ಅಕ್ಕಿಯಲ್ಲ. ಆದರೂ ದಿನದ ಕಾಯಕಕ್ಕೆ ಮೀರಿದ್ದು. ಇಂದಿನ ನಮ್ಮ ಮನೆಗಳಲ್ಲೋ ಯುಗಾದಿಯ ದಿನ ದುಡ್ಡಿಟ್ಟು ಇಸ್ಪೀಟಾಡುವುದಕ್ಕೆ ಹಿರಿಯರೇ ಚಾಪೆ ಹಾಸುತ್ತಾರೆ, ಮಗುವಿನ ಕೈಗೂ ನಾಲ್ಕು ಎಲೆ ಕೊಡುತ್ತಾರೆ.

ತಾಯಂದಿರು ಅರಿಯಬೇಕಾದ ಸಂಗತಿ ಇನ್ನೊಂದಿದೆ. 2025ರ ಕಾಯಿದೆ ಆಡಿ ಸೋತವನಿಗೆ ಶಿಕ್ಷೆ ವಿಧಿಸಿಲ್ಲ. ಮಗನು ಜೈಲು ಸೇರುವನೆಂದು ಬೆದರಿ, ಸ್ವಸಹಾಯ ಸಂಘದಲ್ಲಿ ತಮ್ಮ ಹೆಸರಿಗೆ ಸಾಲ ತೆಗೆದು, ತಾಳಿಯ ಗುಂಡುಗಳನ್ನು ಅಡವಿಟ್ಟು ಗುಟ್ಟಾಗಿ ತೀರಿಸುವ ಕಾರಣವಿಲ್ಲ. ಆಟದ ಹೆಸರಿನಲ್ಲಿ ವಂಚನೆಯಾಗಿ ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ದೂರು ನೀಡಬಹುದು. ಮನಸ್ಸು ಕುಸಿದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ.