ಉಳುಕಿಗೆ ಬಿದ್ದ 'ನಾನಾ' ಷರಾ

ಚೌಳಹಿರಿಯೂರಿನ ಹೋಟೆಲಿನಿಂದ ರಸ್ತೆಗೆ ಇಳಿಯಲು ಇರುವುದು ಎರಡೇ ಮೆಟ್ಟಿಲು. ಊರವರ ಬಾಯಲ್ಲಿ 'ಮಿಲ್ಟ್ರಿ ಅಣ್ಣ' ಆಗಿರುವ ಮಾಜಿ ಹವಾಲ್ದಾರರು ಅವನ್ನು ಅಡ್ಡಡ್ಡಲಾಗಿ ಇಳಿಯುತ್ತಾರೆ. ಮೊದಲು ಬಲಗಾಲು, ಆಮೇಲೆ ಗೋಡೆಗೆ ಕೈ, ಕೊನೆಗೆ ಎಡಗಾಲನ್ನು ಎಳೆದು ತಂದು ಪಕ್ಕಕ್ಕಿಡುವುದು. "ನಮ್ಮ ಮೊಮ್ಮಗ ನನ್ನ ಏಡಿ ತಾತ ಅಂತಾನೆ ಸಾರ್" ಎಂದು ನಕ್ಕರು. ಹೆಸರು ಮಾತ್ರ ಬರೀಬೇಡಿ ಅಂದರು.

ಅವರ ಎಡಗಾಲಿನ ಹರಡು ಗುಂಡು ಹಾರಿ ಮುರಿದದ್ದಲ್ಲ. ತರಬೇತಿಯ ಒಂದು ರಾತ್ರಿ, ಬೆನ್ನಿಗೆ ಹೊರೆ ಕಟ್ಟಿಕೊಂಡು ಸಾಲಾಗಿ ನಡೆಯುವಾಗ ಗಾಡಿಜಾಡಿನೊಳಗೆ ಪಾದ ಒಳಮಗ್ಗುಲಿಗೆ ಹೊರಳಿತು. ಬೆಳಿಗ್ಗೆ ಎಂ.ಐ. ರೂಮಿನಲ್ಲಿ, ಅಂದರೆ ಸೇನೆಯ ವೈದ್ಯ ತಪಾಸಣೆ ಕೋಣೆಯಲ್ಲಿ, ಕ್ರೇಪ್ ಬ್ಯಾಂಡೇಜು, ನೋವಿನ ಮಾತ್ರೆ, ಕೆಲವು ದಿನ ಪರೇಡಿಗೆ ವಿನಾಯಿತಿ. ಹುಡುಗು ವಯಸ್ಸು, ಊತ ಇಳಿಯಿತು, ಮತ್ತೆ ಬೂಟು ಹಾಕಿದರು. ಅದೇ ಕಾಲು ಆಮೇಲೂ ಮೂರು ನಾಲ್ಕು ಸಲ ಉಳುಕಿತು. ಸೇವೆ ಮುಗಿಸಿ ಬರುವ ಮುನ್ನ ವೈದ್ಯ ಮಂಡಳಿ ನೋಡಿ, ಕೀಲು ಸವೆದಿದೆ, ಶೇ 20ರಷ್ಟು ಅಂಗವೈಕಲ್ಯ, ಜೀವನಪರ್ಯಂತ ಎಂದು ಬರೆಯಿತು. ಅದರ ಮುಂದಿನ ಕಲಮಿನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ. ಕೂಡಿಸಿ ಓದಿದರೆ 'ನಾನಾ'.

"ನಾನು ಅದನ್ನ ಕನ್ನಡದಲ್ಲೇ ಓದಿಕೊಂಡೆ ಸಾರ್. ತಪ್ಪು ಮಾಡಿದ್ದು ನಾನಾ? ಅಂತ."

ಆ ಷರಾದ ಅರ್ಥ ಇಷ್ಟು: ಈ ಊನ ಸೇನಾಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮ ಎರಡು ಷರತ್ತು ಹಾಕಿತ್ತು. ಅಂಗವೈಕಲ್ಯ ಶೇ 20 ಮುಟ್ಟಿರಬೇಕು. ಅದು ಸೇವೆಯಿಂದ ಉಂಟಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ನಮ್ಮ ಹವಾಲ್ದಾರರು ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ನಪಾಸು. ಸೇವಾ ಪಿಂಚಣಿ ಬರುತ್ತದೆ, ಕಾಲಿನ ಬಾಬ್ತು ಸೊನ್ನೆ.

ಆ ಬಾಬ್ತಾದರೂ ಎಷ್ಟು? ಕೊನೆಯ ಸಂಬಳ ತಿಂಗಳಿಗೆ 40,000 ರೂಪಾಯಿ ಅಂದುಕೊಳ್ಳಿ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಅದರ ಶೇ 30, ಅಂದರೆ 12,000. ಶೇ 20ಕ್ಕೆ 2,400. ಆದರೆ ಶೇ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುವ ಪದ್ಧತಿ ಇದೆ. ಆಗ ಅದು 6,000 ಆಗುತ್ತದೆ, ಮೇಲೆ ತುಟ್ಟಿಭತ್ಯೆ. ಈ ಸೌಲಭ್ಯ ಅರ್ಧದಲ್ಲೇ ಮನೆಗೆ ಕಳಿಸಲ್ಪಟ್ಟವರಿಗೆ ಮಾತ್ರ ಎಂದು ಸರಕಾರ ಬಹಳ ಕಾಲ ಪಟ್ಟು ಹಿಡಿದಿತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕು ಎಂದಿತು. ಮಳೆಯನ್ನೇ ನಂಬಿದ ಕಡೂರಿನ ಬಯಲಿನಲ್ಲಿ ತಿಂಗಳಿಗೆ ಆರು ಸಾವಿರ ಎಂದರೆ ಏನು ಎಂಬುದನ್ನು ಇಲ್ಲಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹರಡಿನ ವಿಷಯ. ನಮ್ಮಲ್ಲಿ ಉಳುಕು ಅಂದರೆ ಹಗುರದ ಮಾತು. ಎಳ್ಳೆಣ್ಣೆ ಹಚ್ಚಿ ನೀವಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒಂದು ಸಲ ತುಳಿಸಿಕೊಳ್ಳುವುದು, ಮಾರನೇ ದಿನ ಹೊಲಕ್ಕೆ. ಆದರೆ ಪಾದ ಒಳಕ್ಕೆ ಹೊರಳಿದಾಗ ಹೊರಮಗ್ಗುಲಿನ ಅಸ್ಥಿರಜ್ಜು ಹರಿದಿರಬಹುದು, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ರಜ್ಜು ಸಡಿಲವಾಗಿ ಕೂಡಿಕೊಂಡರೆ ಹರಡು ಮತ್ತೆ ಮತ್ತೆ ಹೊರಳುತ್ತದೆ, ಒಳಗಿನ ಮೃದ್ವಸ್ಥಿ ಸವೆಯುತ್ತದೆ. ಮಂಡಿಯ ಸವೆತ ಹೆಚ್ಚಾಗಿ ವಯಸ್ಸಿನದು. ಹರಡಿನ ಸವೆತ ಬಹುಪಾಲು ಹಳೆಯ ಪೆಟ್ಟಿನದು. ಮೂಳೆ ವೈದ್ಯರಿಗೆ ಇದು ಪಾಠದ ಮಾತು. ಪೆಟ್ಟಿಗೂ ಸವೆತಕ್ಕೂ ನಡುವೆ ಹತ್ತಿಪ್ಪತ್ತು ವರ್ಷ ಜಾರಿಹೋಗಿರುತ್ತದೆ ಎನ್ನುವುದೇ ತೊಡಕು. ಅಷ್ಟರಲ್ಲಿ ಸಿಪಾಯಿ ನಾಲ್ಕು ಕಡೆ ಪೋಸ್ಟಿಂಗ್ ಮುಗಿಸಿರುತ್ತಾನೆ. ಮುರಿದ ಮೂಳೆಗೆ ಗಾಯದ ವರದಿ ಬರೆಯುತ್ತಾರೆ, ವಿಚಾರಣೆ ಕೂರಿಸುತ್ತಾರೆ. ಉಳುಕಿಗೆ ಯಾರು ಬರೆಯುತ್ತಾರೆ? ಬರೆಸಿಕೊಳ್ಳಲು ಹೋದರೆ 'ನಾಟಕ' ಎನ್ನುತ್ತಾರೆಂದು ಹುಡುಗರೂ ಸುಮ್ಮನಿರುತ್ತಾರೆ. ನನಗೆ ಕಂಡಂತೆ ಅರ್ಜಿ ಸೋಲುವುದು ಆ ಬೆಳಿಗ್ಗೆಯೇ. ತಿರಸ್ಕಾರದ ಪತ್ರ ಬರುವುದು ಮಾತ್ರ ತಡವಾಗಿ.

ಕಾನೂನು ಓದಿದರೆ ಹೀಗಾಗಬೇಕಿಲ್ಲ ಅನಿಸುತ್ತದೆ. ಧರಂವೀರ್ ಸಿಂಗ್ ಎಂಬ ಸಿಗ್ನಲ್ಸ್ ಸಿಪಾಯಿಯನ್ನು ಮೂರ್ಛೆರೋಗ ಎಂದು 1994ರಲ್ಲಿ ಮನೆಗೆ ಕಳಿಸಿದ್ದರು, ಪಿಂಚಣಿ ಕೊಟ್ಟಿರಲಿಲ್ಲ. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಸೇರುವಾಗ ರೋಗವಿತ್ತೆಂಬ ದಾಖಲೆ ಇಲ್ಲದಿದ್ದರೆ ಅವನು ಗಟ್ಟಿಯಾಗಿಯೇ ಇದ್ದ ಎಂದು ತಿಳಿಯಬೇಕು, ಆಮೇಲೆ ಬಂದ ಊನ ಸೇವೆಯದ್ದಲ್ಲ ಎನ್ನುವುದಾದರೆ ಕಾರಣ ಬರೆಯಬೇಕಾದ್ದು ವೈದ್ಯ ಮಂಡಳಿ, ಸಾಬೀತಿನ ಹೊರೆ ಅರ್ಜಿದಾರನ ಮೇಲಿಲ್ಲ. ಸೇರುವ ದಿನ ಓಡಿಸಿ, ಜಿಗಿಸಿ, ಪಾದ ಚಪ್ಪಟೆಯೇ ಎಂದು ನೋಡಿ ತೆಗೆದುಕೊಂಡ ಕಾಲಲ್ಲವೇ ಅದು!

ಹಾಗೆಂದು ಕೋರ್ಟು ಎಲ್ಲರಿಗೂ ಹೂಂ ಅಂದಿಲ್ಲ. ಸ್ವಂತ ಖರ್ಚಿನಲ್ಲಿ ರಜೆಗೆ ಬರುತ್ತ ರೈಲಿನಿಂದ ಇಳಿಯುವಾಗ ಕೈ ಕಳೆದುಕೊಂಡ ಮದನ್ ಸಿಂಗ್ ಶೇಖಾವತ್ ಅವರಿಗೆ 1999ರಲ್ಲಿ ಪಿಂಚಣಿ ಸಿಕ್ಕಿತು. ರಜೆಯಲ್ಲಿದ್ದಾಗ ಅಕ್ಕತಂಗಿಯ ಮನೆಯ ಮೆಟ್ಟಿಲ ಮೇಲೆ ಬಿದ್ದವರಿಗೆ 2015ರಲ್ಲಿ ಸಿಗಲಿಲ್ಲ. ಪೆಟ್ಟಿಗೂ ಸೇವೆಗೂ ಎಳೆಯಷ್ಟಾದರೂ ನಂಟು ಬೇಕು ಎಂಬ ಈ ಮಾತು ನನಗೆ ನ್ಯಾಯವೆಂದೇ ತೋರುತ್ತದೆ. ರಾತ್ರಿ ನಡಿಗೆಯಲ್ಲಿ ಗಾಡಿಜಾಡಿಗೆ ಬಿದ್ದವರನ್ನು ಈ ಮೆಟ್ಟಿಲ ಮೇಲೆ ಬಿದ್ದವರ ಸಾಲಿಗೆ ಸೇರಿಸುವುದು ಮಾತ್ರ ನ್ಯಾಯವಲ್ಲ.

ಅಮೆರಿಕದಲ್ಲಿ ಮಾಜಿ ಸೈನಿಕರ ಹರಡಿಗೆ ಅಂಗವೈಕಲ್ಯದ ಪಟ್ಟಿಯಲ್ಲಿ ಒಂದು ಸಂಖ್ಯೆಯೇ ಇದೆ, 5271. ಕೋನ ಅಳೆಯುವ ಸಾಧನ ಹಿಡಿದು ಪಾದ ಎಷ್ಟು ಮೇಲೇಳುತ್ತದೆ ನೋಡುತ್ತಾರೆ. ಸರಿಯಾದ ಪಾದ 20 ಡಿಗ್ರಿ ಏಳಬೇಕು. 15ಕ್ಕಿಂತ ಕಡಿಮೆಯಾದರೆ ಶೇ 10, 5ಕ್ಕಿಂತ ಕಡಿಮೆಯಾದರೆ ಶೇ 20. ಅಲ್ಲಿ ಶೇ 10ಕ್ಕೂ ತಿಂಗಳ ಹಣ ಬರುತ್ತದೆ. ಪೆಟ್ಟು ಸೇವೆಯದ್ದು ಎಂದು ತೋರಿಸುವ ತಾಪತ್ರಯ ಅಲ್ಲಿಯೂ ತಪ್ಪಿದ್ದಲ್ಲ.

ಸೈನ್ಯಕ್ಕೆ ದುಡಿದ ಕಾಲುಗಳು ಇಲ್ಲಿಗೆ ಹೊಸತಲ್ಲ. ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಟಿಪ್ಪು ಆ ಹೆಸರಿಟ್ಟ ದನಗಳು ಮೈಸೂರು ಸೈನ್ಯದ ತೋಪು, ಸರಂಜಾಮು ಎಳೆದವು. ಅವು ಮೇಯಲೆಂದು ದೊರೆಗಳು ಕಾವಲುಗಳನ್ನು ಬಿಟ್ಟರು. ಈ ಮಾತು ತೆಗೆದಾಗ ಹವಾಲ್ದಾರರು, "ಎತ್ತು ಕುಂಟಿದ್ರೆ ಯಜಮಾನ ಮೊದಲು ಗೊರಸು ಎತ್ತಿ ನೋಡ್ತಾನೆ ಸಾರ್. ಕಾಗದ ಕೇಳಲ್ಲ" ಎಂದರು.

ಅವರ ಮುಂದೆ ಈಗಲೂ ದಾರಿಯಿದೆ. ಇಲಾಖೆಯೊಳಗೆ ಎರಡು ಹಂತದ ಮೇಲ್ಮನವಿ, ಆಮೇಲೆ 2007ರ ಕಾಯ್ದೆಯಡಿ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದಲ್ಲಿ ಅದರ ಪೀಠವಿಲ್ಲ. ತಡವಾಯಿತೆಂದು ಬಾಗಿಲು ಪೂರ್ತಿ ಮುಚ್ಚುವುದೂ ಇಲ್ಲ: 1983ರಲ್ಲಿ ಸೇನೆಯಿಂದ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಪಿಂಚಣಿ ಉಳಿಸಿತು, ಬಾಕಿಯನ್ನು ಮಾತ್ರ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಮಿತಿಗೊಳಿಸಿತು. ಗೆದ್ದಮೇಲೂ ನೆಮ್ಮದಿ ಇಲ್ಲ. ನ್ಯಾಯಮಂಡಳಿ ಕೊಟ್ಟದ್ದರ ವಿರುದ್ಧ ಸರಕಾರ ಹೈಕೋರ್ಟಿಗೆ ಹೋಗುವುದು ರೂಢಿಯಾಗಿತ್ತು. ಅಂಥ ಸುಮಾರು 300 ಅರ್ಜಿಗಳನ್ನು ದೆಹಲಿ ಹೈಕೋರ್ಟು 2025ರ ಜುಲೈ 1ರಂದು ಒಟ್ಟಿಗೆ ವಜಾ ಮಾಡಿತು. 2023ರ ಸೆಪ್ಟೆಂಬರ್ 21ರಿಂದ ಅಂಗವೈಕಲ್ಯ ಪಿಂಚಣಿಗೆ ಹೊಸ ನಿಯಮಗಳು ಬಂದಿವೆ. ಈಗ ಬೂಟು ಹಾಕಿಕೊಂಡಿರುವ ನಮ್ಮ ಹುಡುಗರಿಗೆ ಅನ್ವಯಿಸುವುದು ಅವೇ. ಅವರು ಕಾಲು ಹೊರಳಿದ ದಿನವೇ, ನಾಚಿಕೆಪಡದೆ, ತಾರೀಖು ಸಮೇತ ಬರೆಸಿಕೊಳ್ಳಲಿ.

ಮಧ್ಯಾಹ್ನ ಮನೆಗೆ ಕರೆದೊಯ್ದು ಕಪ್ಪು ಟ್ರಂಕು ತೆಗೆದರು. ಬಿಳಿ ಅಕ್ಷರದಲ್ಲಿ ಬರೆದ ನಂಬರು ಅರ್ಧ ಸವೆದಿದೆ. ಮೇಲೊಂದು ಮಡಿಸಿದ ಉಣ್ಣೆಯ ಕಂಬಳಿ, ಕೆಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೆಯ ರೇಷನ್ ಕಾರ್ಡು, ಅದರೊಳಗೆ ನಾಲ್ಕಾಗಿ ಮಡಿಸಿದ ಒಂದು ಚೀಟಿ. ಎಂ.ಐ. ರೂಮಿನದು. ಮಡಿಕೆಯ ಗೆರೆ ಹರಿದು ಬೆಳಕು ತೂರುತ್ತಿತ್ತು. ಶಾಯಿ ಕಂದಿ ಟೀ ಬಣ್ಣಕ್ಕೆ ತಿರುಗಿತ್ತು, ತಾರೀಖಿನ ಮೇಲೆ ಎಣ್ಣೆಯ ಕಲೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಅವರೂ ಬಂದು ಭುಜದ ಹಿಂದೆ ನಿಂತರು.

"ಎಡಗಾಲು ಅಂತ ಬರೆದೈತಲ್ಲ ಸಾರ್, ಅಷ್ಟು ಕಾಣ್ತದಾ?"