ಚಿಂದಿ, ಸರಳು, ಬಿಸಿನೀರು: ನಳಿಗೆ ಕಾಯುವ ಕೆಲಸ

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಬಂದೂಕು ಸಿಡಿಯುವುದು ಅಪರೂಪ, ಸುಮ್ಮನೆ ನಿಂತಿರುವುದೇ ಹೆಚ್ಚು. ಬ್ಯಾಂಕಿನ ಬಾಗಿಲಲ್ಲಿ ಕೂತ ಗಾರ್ಡಿನ ಡಬಲ್ ಬ್ಯಾರಲ್ ಗನ್ನು ವರ್ಷಗಟ್ಟಲೆ ಒಂದು ಈಡನ್ನೂ ಕಾಣುವುದಿಲ್ಲ. ಪೊಲೀಸ್ ಶಸ್ತ್ರಾಗಾರದ ರೈಫಲ್ಲಿಗೆ ಕೆಲಸ ಬೀಳುವುದು ಫೈರಿಂಗ್ ಅಭ್ಯಾಸದ ದಿನ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ರೈತನ ಕೋವಿ ಕಾಡುಹಂದಿಯ ಕಾಟವಿದ್ದಾಗ ಸದ್ದು ಮಾಡಿ ಮತ್ತೆ ಮೂಲೆ ಸೇರುತ್ತದೆ. ಸಂಡೂರಿನ ಕಾಡುಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಶಿಕಾರಿಯ ಬಾಗಿಲನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಚ್ಚಿತು. ಹೀಗಾಗಿ ಇಲ್ಲಿನ ನಳಿಗೆಗಳು ಗುಂಡು ಹಾರಿ ಹಾರಿ ಸವೆದದ್ದು ಕಡಿಮೆ. ತುಕ್ಕು ಹಿಡಿದು ಕೆಟ್ಟವು ಹೆಚ್ಚು. ಅದಕ್ಕಿಂತ ನೋವಿನ ಸಂಗತಿಯೆಂದರೆ, ತಪ್ಪು ಸಾಮಾನು ಹಿಡಿದು ಶ್ರದ್ಧೆಯಿಂದ ಉಜ್ಜಿದ್ದರಿಂದಲೇ ಕೆಟ್ಟವೂ ಇವೆ.

ಬಂದೂಕು ತಿಕ್ಕುವುದನ್ನು ನಾವು ಒಂದು ಕಸುಬೆಂದು ಎಣಿಸುವುದಿಲ್ಲ. ಆದರೆ ಪೊಲೀಸ್ ಆರ್ಮರರ್ ನಳಿಗೆಯನ್ನು ಬೆಳಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗ, ಅವರು ಓದುತ್ತಿರುವುದು ಆ ರೈಫಲ್ಲಿನ ಇಡೀ ಚರಿತ್ರೆಯನ್ನು. ತ್ರೀ ನಾಟ್ ತ್ರೀ (.303) ರೈಫಲ್ಲಿನ ಒಳಮೈಯಲ್ಲಿ ಐದು ಗಾಡಿಗಳು, ಅಂದರೆ ಕೊರೆದ ಗೀರುಗಳು, ಎಡಕ್ಕೆ ಸುತ್ತುತ್ತ, ಹತ್ತು ಇಂಚಿಗೊಂದು ಸುತ್ತು ಮುಗಿಸುತ್ತ ಬಾಯಿಯವರೆಗೆ ಹೋಗುತ್ತವೆ. ಗುಂಡಿಗೆ ತಿರುಗು ಕೊಟ್ಟು ಗುರಿ ನಿಲ್ಲಿಸುವುದು ಆ ಗಾಡಿಗಳ ಅಂಚು. ಗಾಡಿಯ ಮೂಲೆಯಲ್ಲಿ ಕಪ್ಪು ಗೆರೆ ಕಂಡರೆ ಮದ್ದಿನ ಮಸಿ. ಕೆಂಬಣ್ಣದ ಹೊಳಪು ಕಂಡರೆ ಗುಂಡಿನ ಮೇಲ್ಕವಚದ ತಾಮ್ರ. ಸೂಜಿಮೊನೆಯಂಥ ಗುಳಿಗಳು ಕಂಡರೆ ತುಕ್ಕು ತಿಂದು ಹೋದ ಜಾಗ, ಅದನ್ನು ಯಾವ ಎಣ್ಣೆಯೂ ತುಂಬಿಕೊಡದು.

ಈ ವಿದ್ಯೆಯ ಮೊದಲ ಪಾಠ ನಮ್ಮ ಮಕ್ಕಳಿಗೆ ಸಿಗುವುದು ಎನ್‌ಸಿಸಿಯಲ್ಲಿ. .22 ರೈಫಲ್ ಮುಂದಿಟ್ಟು ಉಸ್ತಾದರು ಹೇಳಿಕೊಡುವ ಸಾಮಾನು ಸರಳವಾದದ್ದು: ಪುಲ್‌ಥ್ರೂ, ಚಿಂದಿ, ಎಣ್ಣೆ. ಪುಲ್‌ಥ್ರೂ ಅಂದರೆ ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಗಟ್ಟಿ ಹುರಿ. ಬೋಲ್ಟ್ ತೆಗೆದು, ತೋಟಾ ಕೂರುವ ಹಿಂಬದಿಯಿಂದ ತೂಕವನ್ನು ಇಳಿಬಿಟ್ಟರೆ ಅದು ಬಾಯಿಯಿಂದ ಹೊರಗೆ ಬೀಳುತ್ತದೆ. ಆಮೇಲೆ ಒಂದೇ ಎಳೆತಕ್ಕೆ ಎಳೆಯಬೇಕು. ಒರೆಸುವ ಚಿಂದಿ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ. ಎಣ್ಣೆ ಹಚ್ಚುವ ಚಿಂದಿ ಅರ್ಧ ಇಂಚು ಕಿರಿದು, ಏಕೆಂದರೆ ಬಿಗಿಯಾಗಿ ಹೋದರೆ ಎಣ್ಣೆ ನಳಿಗೆಗೆ ಅಂಟದೆ ಹಿಂಡಿ ಹೋಗುತ್ತದೆ. ಹುರಿಯಲ್ಲಿ ಮೂರು ಕುಣಿಕೆಗಳಿವೆ. ಒಂದು ತಂತಿ ಜಾಲರಿಗೆ, ಒಂದು ಚಿಂದಿಗೆ. ಕೊನೆಯದು ಚಿಂದಿ ಸಿಕ್ಕಿಬಿದ್ದಾಗ ಹಿಂದಕ್ಕೆ ಎಳೆದುಕೊಳ್ಳುವುದಕ್ಕೆ. ಸಿಕ್ಕಿದ ಬಟ್ಟೆಯನ್ನು ಗುಂಡು ಹಾರಿಸಿ ಹೊರಹಾಕಲು ಹೋದರೆ ನಳಿಗೆ ಬಿರಿಯುತ್ತದೆ, ಹಿಡಿದವರ ಕೈಯೂ ಉಳಿಯುವುದಿಲ್ಲ.

ಪುಲ್‌ಥ್ರೂ ಅಗ್ಗ, ಕಿಸೆಯಲ್ಲಿ ಹಿಡಿಸುತ್ತದೆ, ಆದರೆ ಅದಕ್ಕೊಂದು ದೋಷವಿದೆ. ಹುರಿಯನ್ನು ಓರೆಯಾಗಿ ಎಳೆದರೆ ಬಾಯಿಯ ಒಂದೇ ಅಂಚಿಗೆ ಉಜ್ಜುತ್ತದೆ. ದೂಳು ಮೆತ್ತಿದ ಹುರಿ ಅರದಂತೆ ಕೆಲಸ ಮಾಡಿ ಅಲ್ಲಿ ತೋಡು ಬೀಳಿಸುತ್ತದೆ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಜಾಗ ಅದು. ಅಲ್ಲಿ ಸವೆದರೆ ಗುರಿ ತಪ್ಪಿತೆಂದೇ ಲೆಕ್ಕ. ಈಗ ಪೇಟೆಯಲ್ಲಿ ಸಿಗುವ ಬೋರ್‌ಸ್ನೇಕ್ ಎಂಬ ಹುರಿ ಕೂಡ ಇದೇ ಜಾತಿಯದು. ಬಯಲಿನಲ್ಲಿ ಅವಸರಕ್ಕೆ ಒಳ್ಳೆಯದು, ಆದರೆ ಒಗೆಯದೆ ಮತ್ತೆ ಮತ್ತೆ ಎಳೆದರೆ ಹಿಂದಿನ ಸಲದ ಹೊಲಸನ್ನೇ ಒಳಗೆ ಎಳೆದಾಡಿದ ಹಾಗೆ.

ಮನೆಯಲ್ಲಿ ಕೂತು ನಿಧಾನವಾಗಿ ಮಾಡುವ ಕೆಲಸಕ್ಕೆ ನಾನು ಒಪ್ಪುವುದು ಒಂದೇ ತುಂಡಿನ ರಾಡನ್ನು. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನದಾಗಲಿ, ಕಾರ್ಬನ್ ಫೈಬರಿನದಾಗಲಿ ಆಗಬಹುದು. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡು ಬಾಗುತ್ತದೆ, ಅದರ ಕೀಲುಗಳು ಗಾಡಿಯ ಅಂಚಿಗೆ ತಾಗುತ್ತವೆ, ಮೆತ್ತನೆಯ ಲೋಹವಾದ್ದರಿಂದ ಮರಳಿನ ಕಣಗಳು ಅದರೊಳಗೆ ಹೂತು ಕೂರುತ್ತವೆ. ಸಂಡೂರು ಕಡೆಯವರಂತೂ ಇದನ್ನು ಗಮನಿಸಲೇಬೇಕು. ಅಲ್ಲಿ ಗಿಡದ ಎಲೆಯ ಮೇಲೆ, ಮನೆಯ ಕಿಟಕಿಯ ಮೇಲೆ ಕೂರುವ ಕೆಂಪು ದೂಳು ಹೆಮಟೈಟ್ ಅದಿರಿನ ಪುಡಿ. ಒಡವೆಗೂ ಗಾಜಿಗೂ ಹೊಳಪು ಕೊಡಲು ಬಳಸುವ ರೂಜ್ ಪುಡಿಯೂ ಇದೇ ಐರನ್ ಆಕ್ಸೈಡು. ಎಣ್ಣೆ ಸುರಿದ ನಳಿಗೆಯನ್ನು ಬಾಯಿ ಮುಚ್ಚದೆ ನಿಲ್ಲಿಸಿದರೆ ಒಳಗೆ ತಯಾರಾಗುವುದು ಪಾಲಿಶ್ ಪೇಸ್ಟು. ಮೊದಲು ಒದ್ದೆ ಚಿಂದಿಯಿಂದ ಆ ದೂಳನ್ನು ಹೊರಗೆ ತೆಗೆದೇ ಬ್ರಷ್ ಹಾಕಬೇಕು.

ಬ್ರಷ್ಷಿನಲ್ಲಿ ಕಂಚಿನದು ಮಸಿಗೆ ಸರಿ. ಉಕ್ಕಿನ ಬ್ರಷ್ಷನ್ನು ನಳಿಗೆಯ ಹತ್ತಿರವೂ ತರಬಾರದು. ಬ್ರಷ್ಷು ಪೂರ್ತಿ ಹೊರಗೆ ಬಂದ ಮೇಲೆ ಹಿಂದಕ್ಕೆ ಎಳೆಯಬೇಕು, ನಡುವೆ ತಿರುಗಿಸಿದರೆ ಎಳೆಗಳು ಮುರಿದು ಸಿಕ್ಕುತ್ತವೆ. ತಾಮ್ರ ಕರಗಿಸಲು ಅಮೋನಿಯಾ ಇರುವ ದ್ರಾವಣ ಹಾಕುತ್ತಾರೆ, ಚಿಂದಿ ನೀಲಿಯಾಗಿ ಬಂದರೆ ತಾಮ್ರ ಬಿಡುತ್ತಿದೆ ಎಂದರ್ಥ. ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ರಾಡಿನ ತುದಿಯಲ್ಲಿ ಚಿಂದಿ ಹಿಡಿಯುವ ಹಿತ್ತಾಳೆ ಜ್ಯಾಗ್, ಕಂಚಿನ ಬ್ರಷ್ ಎರಡರಲ್ಲೂ ತಾಮ್ರವಿದೆ. ದ್ರಾವಣ ಅವನ್ನೇ ತಿಂದು ಚಿಂದಿಯನ್ನು ನೀಲಿ ಮಾಡುತ್ತದೆ. ನಳಿಗೆ ಎಂದೋ ಸ್ವಚ್ಛವಾಗಿದ್ದರೂ ಉಜ್ಜಾಟ ನಿಲ್ಲುವುದಿಲ್ಲ. ಈ ದ್ರಾವಣಕ್ಕೆ ನೈಲಾನ್ ಬ್ರಷ್ಷೇ ಬೇಕು, ಗಾಳಿಯಾಡುವ ಜಾಗವೂ ಕೈಗವಸೂ ಬೇಕು. ಬಾಟಲಿಯ ಮೇಲೆ ಬರೆದಷ್ಟು ಹೊತ್ತಿಗಿಂತ ಹೆಚ್ಚು ಅದನ್ನು ಒಳಗೆ ಬಿಡಬಾರದು.

ಬಿಸಿನೀರಿನ ಮಾತು ಹೇಳಿದರೆ ಕೆಲವರು ಬೆಚ್ಚುತ್ತಾರೆ. ಉಕ್ಕಿಗೆ ನೀರೇ? ಹೌದು, ನೀರೇ. ನಾಡ ಕೋವಿಯ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳದ್ದು. ಅದು ಉರಿದ ಮೇಲೆ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ, ಅದರಲ್ಲಿ ಬಹುಪಾಲು ಲವಣ. ಹಳೆಯ ತ್ರೀ ನಾಟ್ ತ್ರೀ ತೋಟಾದ ಕ್ಯಾಪಿನಲ್ಲಿದ್ದ ಪೊಟ್ಯಾಶಿಯಂ ಕ್ಲೋರೇಟ್ ಕೂಡ ಉರಿದು ಲವಣವನ್ನೇ ಬಿಡುತ್ತಿತ್ತು. ಲವಣ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ಅದು ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಅದಕ್ಕೇ ಬ್ರಿಟಿಷ್ ಕಾಲದ ಸಿಪಾಯಿಗಳು ಆಲಿಕೆ ಇಟ್ಟು ಕುದಿನೀರು ಸುರಿಯುತ್ತಿದ್ದರು. ನಳಿಗೆ ಕಾದಿರುವುದರಿಂದ ನೀರು ತಾನೇ ಆರುತ್ತದೆ, ಆಮೇಲೆ ಒಣ ಚಿಂದಿ, ಕೊನೆಗೆ ಎಣ್ಣೆ. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಹಿಂಬಾಗಿಲಿಲ್ಲ. ಹಾಗಾಗಿ ಕೇಪು ಕೂರಿಸುವ ತೂತನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ, ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ನೀರು ಪಂಪಿನಂತೆ ಏರಿ ಇಳಿದು ತೊಳೆಯುತ್ತದೆ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರ ಬಂದೂಕು ಹಿಡಿದಿದ್ದ ಪೋರ್ಚುಗೀಸರು ಸುಟ್ಟದ್ದೂ ಇದೇ ಮೂರು ಪದಾರ್ಥದ ಮದ್ದನ್ನು. ಐನೂರು ವರ್ಷದ ಹಿಂದಿನ ಆ ಮಸಿಯೂ ನೀರಿಗೇ ಸೋಲುತ್ತಿತ್ತು.

ಹನ್ನೆರಡು ಬೋರಿನ ತೋಟಾ ಗನ್ನಿಗೆ ಗಾಡಿಗಳಿಲ್ಲ, ಒಳಮೈ ನುಣುಪು. ಅಲ್ಲಿ ಅಂಟುವುದು ಚರೆಯ ಸೀಸ, ತೋಟಾದೊಳಗಿನ ಪ್ಲಾಸ್ಟಿಕ್. ಗನ್ನು ಮಡಚಿ ನಳಿಗೆ ಬಿಚ್ಚಿ, ಕಂಚಿನ ಬ್ರಷ್ಷೂ ಉಣ್ಣೆಯ ಮಾಪೂ ಹಾಕಿದರೆ ಸಾಕು.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯ ಅಡುಗೆಮನೆ ಬಂದೂಕಿಗೆ ಶತ್ರು. ಕುಸುಬೆ ಎಣ್ಣೆ ಗಾಳಿಗೆ ಒಣಗಿ ವಾರ್ನಿಷ್ ಕಟ್ಟುವ ಜಾತಿಯದು. ಶೇಂಗಾ ಎಣ್ಣೆಯೂ ಕಾಲಕ್ರಮದಲ್ಲಿ ಜಿಗಟಾಗುತ್ತದೆ. ಬಂದೂಕಿನ ಖನಿಜ ಎಣ್ಣೆಯೇ ಬೇಕು, ಅದೂ ತೆಳ್ಳಗೆ. ಚಿಂದಿಗಾದರೆ ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯದು ಸಿಗದು, ಟೆರಿಕಾಟ್ ಎಣ್ಣೆ ಕುಡಿಯುವುದಿಲ್ಲ.

ಮಹಾನವಮಿಯ ಆಯುಧಪೂಜೆಯಲ್ಲಿ ಠಾಣೆಯ ರೈಫಲ್ಲಿನಿಂದ ಹಿಡಿದು ಮನೆಯ ಕೋವಿಯವರೆಗೆ ಎಲ್ಲಕ್ಕೂ ಹೂವು, ವಿಭೂತಿ, ಕುಂಕುಮ. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತಾರೆ. ಈ ಗೌರವ ನನಗೆ ಪ್ರಿಯವಾದದ್ದು. ವರ್ಷಕ್ಕೊಮ್ಮೆಯಾದರೂ ಬಂದೂಕು ಬೆಳಕು ಕಾಣುವುದು ಆ ದಿನ. ಆದರೆ ನೀರಲ್ಲಿ ಕಲಸಿದ ಕುಂಕುಮ ರಾತ್ರಿಯಿಡೀ ಉಕ್ಕಿನ ಮೇಲೆ ಕೂತರೆ ಅದರಡಿ ತುಕ್ಕು ಹುಟ್ಟುತ್ತದೆ, ನಿಂಬೆಯ ಹುಳಿ ನಳಿಗೆಯ ಕಪ್ಪು ಬಣ್ಣವನ್ನೇ ಕಿತ್ತು ಹಾಕುತ್ತದೆ. ಬೊಟ್ಟನ್ನು ಮರದ ಹಿಡಿಗೆ ಇಡಿ, ನಿಂಬೆಹಣ್ಣನ್ನು ದೂರವಿಡಿ, ಮಂಗಳಾರತಿ ಆದ ಮೇಲೆ ಒರೆಸಿ ಎಣ್ಣೆ ಕೈಯಾಡಿಸಿ.

ಯಾವ ಸಾಮಾನನ್ನು ಮುಟ್ಟುವ ಮೊದಲೂ ತೋಟಾ ತೆಗೆದು, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಕೆಲಸ ಮಾಡುವವರು ಲೈಸೆನ್ಸ್‌ದಾರರೇ ಆಗಿರಬೇಕು.

ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುವುದು ರೂಢಿ. ಕಂಪ್ಲಿಯ ಗದ್ದೆ ಬಯಲಿನ ತೇವದಿಂದ ಹೊರಟ ಕೋವಿ ವಾರಗಟ್ಟಲೆ ಅಲ್ಲಿ ನಿಲ್ಲುತ್ತದೆ. ಕೊಡುವ ಮೊದಲು ನಳಿಗೆ ಒಣಗಿಸಿ, ಎಣ್ಣೆಯ ಚಿಂದಿ ಎಳೆದು, ಚರ್ಮದ ಚೀಲ ಬಿಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಬೇಕು. ಚರ್ಮ ತೇವ ಹಿಡಿದಿಡುತ್ತದೆ. ವಾಪಸ್ ತಂದ ದಿನ ಒಣ ಚಿಂದಿ ಎಳೆದು ಎಣ್ಣೆ ತೆಗೆದು, ನಳಿಗೆಯಲ್ಲಿ ಏನೂ ಅಡ್ಡವಿಲ್ಲವೆಂದು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಗುಳಿ ಕಂಡರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸುವ ತನಕ ಅದರಲ್ಲಿ ತೋಟಾ ಹಾಕಬಾರದು.